ಗಂಜಿ ಹಚ್ಚಿದ ಪುಟ

ಮಂಡಿಪೇಟೆಯ ಓಣಿ, ಮೆಣಸಿನಕಾಯಿ ಚೀಲಗಳ ಘಾಟಿನ ನಡುವೆ
ಬುಡೇನ್ ಸಾಬರ ಬೈಂಡಿಂಗ್ ಅಂಗಡಿ.
ಅಪ್ಪ ಹೋಗಿ ಎರಡು ತಿಂಗಳು. ಅವನ ವೇದಪುಸ್ತಕವನ್ನು
ಅಮ್ಮನ ಹಳೇ ಸೆರಗಿನ ತುಂಡಲ್ಲಿ ಸುತ್ತಿ ಒಯ್ದಿದ್ದೆ.
ಸಾಬರು ಕೈ ತೊಳೆದು ಬಂದು ಬಿಚ್ಚಿದರು.

ಬೆನ್ನು ಮುರಿದಿತ್ತು, ಹೊಲಿಗೆ ಬಾಯಿಬಿಟ್ಟಿತ್ತು.
"ಹುಳ ತಿಂದಿದ್ದಲ್ಲವ್ವಾ ಇದು," ಮೂಲೆ ಸವರಿದರು,
"ಬೆರಳು ತಿಂದಿದ್ದು."

ನಲವತ್ತೊಂದು ವರ್ಷ, ಬೆಳಗಿನ ಪಾಳಿಗೆ ಮುಂಚೆ,
ಕಾಟನ್ ಮಿಲ್ಲಿನ ಸೈಜಿಂಗ್ ಖಾತೆಯ ಆಶೀರ್ವಾದಪ್ಪ
ಇದನ್ನು ಓದಿಯೇ ಸೈಕಲ್ ಹತ್ತಿದ.
ಸೈರನ್ ಕೂಗಿದರೂ ವಾಕ್ಯದ ನಡುವೆ ಮುಚ್ಚುತ್ತಿರಲಿಲ್ಲ;
ಅರ್ಧಕ್ಕೆ ಬಿಟ್ಟರೆ ಹೇಳುವವನು
ಬಾಯಿ ತೆರೆದುಕೊಂಡೇ ನಿಂತಿರುತ್ತಾನೆ ಅನ್ನುತ್ತಿದ್ದ.
ಎರಡು ಸಲ ಅರ್ಧ ದಿನದ ಕೂಲಿ ಹೋಗಿತ್ತು ಇದಕ್ಕೇ.

ಅಂಚಿನಲ್ಲಿ ನನ್ನ ದೀಕ್ಷಾಸ್ನಾನದ ತಾರೀಖು.
ಒಂದು ಕಡೆ ಪೆನ್ಸಿಲ್ಲಿನಲ್ಲಿ: ಗೊತ್ತಾಗಲಿಲ್ಲ.
ಅದರ ಕೆಳಗೆ, ಎಷ್ಟೋ ವರ್ಷದ ಮೇಲಿನ ನೀಲಿ ಶಾಯಿ: ಇನ್ನೂ.
"ಅಂಚು ಕತ್ತರಿಸಬೇಡಿ."
"ಕತ್ತರಿಸಲ್ಲ ಬಿಡು. ನಾನೇನು ಹೊಸಬನಾ?"

ಆಮೇಲೆ ಅವರ ಹೆಬ್ಬೆರಳು ನಿಂತಿತು.
ಎರಡು ಪುಟ ಅಂಚಿನಿಂದ ಅಂಚಿಗೆ ಹತ್ತಿಕೊಂಡಿದ್ದವು.
ನೆಂದು ಅಂಟಿದ್ದಲ್ಲ. ಬೆಳಕಿಗೆ ಹಿಡಿದರು, ಮೂಸಿದರು.
"ಗಂಜಿ. ಮಿಲ್ಲಿನದು. ನೂಲಿಗೆ ಹಾಕೋದು.
ನಮ್ಮಪ್ಪಾನೂ ಅದೇ ಖಾತೆಯಾಗಿದ್ದ."

ಹಿಂದಿನ ಹಾಳೆ ಮುಂದಿನ ಹಾಳೆ ನೋಡಿ ಲೆಕ್ಕ ಹಾಕಿದೆ:
ಕಾಣಿಕೆಯನ್ನು ಅಲ್ಲೇ ಬಿಟ್ಟು
ಮೊದಲು ಒಡಹುಟ್ಟಿದವನ ಮನೆಗೆ ನಡಿ ಅನ್ನುವ ಪುಟ.

ಹರಿಹರದಲ್ಲಿ ದೊಡ್ಡಪ್ಪ ಇದ್ದಾನೆ. ಹೆಸರು ಸಮಾಧಾನಪ್ಪ.
ಮೂವತ್ತು ನಲವತ್ತರ ಒಂದು ಸೈಟು, ಯಾರದೋ ಒಂದು ಸಹಿ,
ಆಮೇಲೆ ಹದಿನೇಳು ವರ್ಷ.
ಅಪ್ಪನ ಮಣ್ಣಿಗೂ ಬರಲಿಲ್ಲ.
ಹೇಳಿಕಳಿಸಿದೆವೋ ಇಲ್ಲವೋ, ನೆನಪಿಲ್ಲ ಅನ್ನುತ್ತೇವೆ ನಾವು.

ಈಗ ತಿಳಿಯಿತು ಆ ಒಂದು ಭಾನುವಾರ.
ಪಾಠ ಓದುವ ಸರದಿ ಅಪ್ಪನದು, ಅಯ್ಯನವರು ಕೊಟ್ಟದ್ದು ಅದೇ ಭಾಗ.
ತನ್ನ ಪುಸ್ತಕ ತೆರೆದ. ಫ್ಯಾನು ತಿರುಗುತ್ತಿತ್ತು, ಯಾರೋ ಕೆಮ್ಮಿದರು.
ಆಮೇಲೆ ಪುಟ ಬಿಟ್ಟು ಕಿಟಕಿ ನೋಡುತ್ತಾ
ಒಂದಕ್ಷರ ತಪ್ಪದೆ ಹೇಳಿದ.
ಎಂಥಾ ಭಕ್ತಿ ಅಂದಿತು ಸಭೆ.
ಮನೆಗೆ ಬಂದು ಉಣ್ಣಲಿಲ್ಲ. ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ
ಕತ್ತಲಾಗುವ ತನಕ ಕೂತ. ಎಲ್ಲಿಗೂ ಹೋಗಲಿಲ್ಲ.

ಕೋಪ ಬಂತು ಮೊದಲು.
ನಮಗೆಲ್ಲ ವಾಕ್ಯ ಬಾಯಿಪಾಠ ಮಾಡಿಸಿದವನು!
ಆಮೇಲೆ ಅನ್ನಿಸಿತು, ಸತ್ತ ಬಾಯಿಗೆ ಯಾರು ಗಂಜಿ ಹಚ್ಚುತ್ತಾರೆ?
ಹರಿದು ಒಲೆಗೆ ಹಾಕಬಹುದಿತ್ತು.
ನಾವು ಪ್ರತಿವಾರ ಆ ಮಾತು ಕೇಳಿ ಆಮೆನ್ ಅಂದು
ಚಪ್ಪಲಿ ಹುಡುಕುತ್ತಿದ್ದೆವು;
ಅದು ತನ್ನನ್ನೇ ಹೆಸರು ಹಿಡಿದು ಕರೆಯುತ್ತಿದೆ ಎಂದು
ಹೆದರಿದವನು ಅವನೊಬ್ಬ.

"ಬಿಡಿಸ್ಲಾ, ಹಂಗೇ ಇರ್ಲಾ?"
ನಾನು ಏನು ಹೇಳಿದೆನೋ. ಒದ್ದೆ ಬಟ್ಟೆ ಹಾಸಿದರು.
ಚಹಾ ಬಂತು. ಕಾಗದದಲ್ಲಿ ಮಂಡಕ್ಕಿ ಬಂತು. ಮಾತು ಬರಲಿಲ್ಲ.
ಮೂಲೆ ಮೆತ್ತಗಾಗಿ ಎದ್ದಾಗ
ಚಾಕುವಿನ ಮೊಂಡು ಬೆನ್ನಿನಿಂದ, ಗಾಯದ ಪಟ್ಟಿ ತೆಗೆಯುವ ಹಾಗೆ ಬಿಡಿಸಿದರು.

ಒಂದು ಪುಟದ ಶಾಯಿ ಇನ್ನೊಂದಕ್ಕೆ ಹತ್ತಿತ್ತು, ತಿರುಗಾಮುರುಗಾ.
"ಕನ್ನಡಿ ಹಿಡಿದು ಓದ್ಬೇಕು ಇದನ್ನ."
ಗೋಡೆಯ ಮೊಳೆಯಿಂದ ಇಳಿಸಿ ಕೊಟ್ಟರು.
ಅಕ್ಷರಗಳ ಪಕ್ಕ ನನ್ನ ಅರ್ಧ ಮುಖವೂ ಕಂಡಿತು.
ಆ ಮೂಗು ದೊಡ್ಡಪ್ಪನದು.

"ಒಣಗಿಸಿ ಹೊಲಿತೀನಿ. ಶುಕ್ರವಾರ ಬಾ."

ಬಸ್ ನಿಲ್ದಾಣ ನಮ್ಮ ಮನೆಯ ದಾರಿಯಲ್ಲಿಲ್ಲ.
ಖಾಲಿ ಸೆರಗಿನ ತುಂಡು ಮಡಚಿಕೊಂಡು ನಿಂತಿದ್ದೆ,
ಹರಿಹರ ಹರಿಹರ ಎಂದು ಕಂಡಕ್ಟರ್ ಕೂಗುತ್ತಿದ್ದ.
ಪುಸ್ತಕ ಅಲ್ಲೇ ಇತ್ತು,
ಸಾಬರ ಇಟ್ಟಿಗೆಯ ಭಾರದ ಕೆಳಗೆ.